ಹನ್ನೊಂದು ಅಂಕದ ಹುಡುಗಿ

ಕಂಪ್ಯೂಟರ್ ನೀತಿಪಾಠದ ಪರೀಕ್ಷೆಯಲ್ಲಿ ಇಡೀ ಒಂಬತ್ತನೇ ತರಗತಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಒಬ್ಬಳಿಗೆ ಮಾತ್ರ ಹನ್ನೊಂದು. ಹತ್ತೊಂಬತ್ತು ವರ್ಷ ಪಾಠ ಮಾಡಿದ ನನ್ನ ಕಣ್ಣಿಗೇ ಮಣ್ಣೆರಚುವುದೇ? ಪ್ರಶ್ನೆಪತ್ರಿಕೆ ಕದ್ದವಳು ಇವಳೇ. ಎಲ್ಲರಿಗೂ ಹಂಚಿ, ತನ್ನ ಮೇಲೆ ಅನುಮಾನ ಬಾರದಿರಲೆಂದು ಬೇಕಂತಲೇ ತಪ್ಪು ಬರೆದಿದ್ದಾಳೆ. ಊಟದ ಬಿಡುವಿನಲ್ಲೂ ಲ್ಯಾಬಿನ ಮೂಲೆಯಲ್ಲಿ ಕೂತು, ನಾನು ಹತ್ತಿರ ಹೋದರೆ ಪರದೆ ಮರೆಮಾಡುವವಳು ಇವಳಲ್ಲದೆ ಇನ್ಯಾರು?

"ಸಂಜೆಯೊಳಗೆ ಹೆಸರು ಹೇಳಿ, ಟಿ.ಸಿ. ಕೊಟ್ಟು ಕಳಿಸ್ತೀನಿ" ಎಂದರು ಹೆಡ್‌ಮೇಡಂ.

"ಹೆಸರು ಗೊತ್ತು ಮೇಡಂ. ಸಾಕ್ಷಿ ತರ್ತೀನಿ" ಎಂದು ಅವಳ ಹೆಸರು ಹೇಳಿಯೇಬಿಟ್ಟೆ.

ಹುಡುಗಿಯನ್ನು ಕರೆದು ಕೇಳಿದೆ. "ನಾನಲ್ಲ ಮಿಸ್."

"ಮತ್ತೆ ಹನ್ನೊಂದು ಹೇಗಮ್ಮಾ ಬಂತು?"

"ಓದಿರ್ಲಿಲ್ಲ ಮಿಸ್."

ಆಹಾ, ಏನು ಮುಗ್ಧತೆ! ನನ್ನ ಮೈಯೆಲ್ಲ ಉರಿಯಿತು.

ಲ್ಯಾಬಿನಲ್ಲಿ ಎಲ್ಲ ಮಕ್ಕಳ ಖಾತೆಯೂ ನನ್ನ ಪಾಸ್‌ವರ್ಡಿಗೆ ತೆರೆದುಕೊಳ್ಳುತ್ತದೆ. ಒಳಗಿನಿಂದ ಚಿಲಕ ಹಾಕಿಕೊಂಡು ಅವಳ ಖಾತೆ ತೆರೆದೆ. ಮನೆ ಬಿಟ್ಟುಹೋದ ಅಮ್ಮನಿಗೆ ಬರೆದು ಕಳಿಸದೇ ಇಟ್ಟ ಪತ್ರಗಳು, ಹದಿನೇಳು. 'ಅಮ್ಮಾ, ನಿನ್ನ ಸೀರೆ ಅಪ್ಪ ಯಾರಿಗೋ ಕೊಟ್ಟುಬಿಟ್ಟರು.' ಇದರಲ್ಲೂ ಏನೋ ಮಸಲತ್ತು ಇರಬೇಕೆಂದು ಒಂದೊಂದನ್ನೂ ಓದಿದೆ. ಅವುಗಳ ಕೆಳಗೆ ಇನ್ನೊಂದಿತ್ತು, ನನಗೆ ಬರೆದದ್ದು, ಪರೀಕ್ಷೆಗೆ ಎರಡು ದಿನ ಮುಂಚೆ.

'ಮಿಸ್, ನಿಮ್ಮ ಪ್ರಶ್ನೆಪತ್ರಿಕೆ ಲ್ಯಾಬಿನಲ್ಲಿ ಎಲ್ಲರಿಗೂ ತೆರೆಯುವ ಫೋಲ್ಡರಿನಲ್ಲಿದೆ. ಎಲ್ಲರೂ ನೋಡುತ್ತಿದ್ದಾರೆ. ನಾನು ತೆರೆದಿಲ್ಲ. ಹೇಳಿದರೆ ನನ್ನನ್ನೇ ಅನುಮಾನಿಸುತ್ತೀರೆಂದು ಭಯ.'

ನಮ್ಮಲ್ಲಿ ಪ್ರಿಂಟರ್ ಇರುವುದು ಒಂದೇ ಯಂತ್ರಕ್ಕೆ. ಟೀಚರುಗಳೆಲ್ಲ ಆ ಫೋಲ್ಡರಿಗೆ ಹಾಕಿ, ಪ್ರಿಂಟ್ ತೆಗೆದು, ಅಳಿಸುತ್ತೇವೆ. ನಾನು ಅಳಿಸಿರಲಿಲ್ಲ.

ಓಡಿದೆ. ಹೆಡ್‌ಮೇಡಂ ಎದುರು ಹುಡುಗಿ ಆಗಲೇ ತಲೆ ತಗ್ಗಿಸಿ ನಿಂತಿದ್ದಳು. ಟಿ.ಸಿ. ಪುಸ್ತಕ ಮೇಜಿನ ಮೇಲಿತ್ತು.

"ಬರೀಬೇಡಿ ಮೇಡಂ, ತಪ್ಪು ನಂದು. ಪತ್ರಿಕೆ ಅಳಿಸೋದು ಮರೆತಿದ್ದೆ. ಇವಳು ಅದನ್ನ ಮುಟ್ಟೇ ಇಲ್ಲ. ನನಗೆ ಬರೆದ ಪತ್ರದಲ್ಲಿ ಎಲ್ಲಾ ಇದೆ."

ಮೇಡಂ ಪುಸ್ತಕ ಮುಚ್ಚಿದರು. ಹುಡುಗಿಯ ಮುಖ ಅರಳೀತೆಂದು ನೋಡಿದೆ. ಅದು ಬಿಳಿಚಿಕೊಂಡಿತು.

"ಅದನ್ನ ನಾನು ಕಳ್ಸೇ ಇರ್ಲಿಲ್ಲ ಮಿಸ್."

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ನಾಚಿಕೆಯಿಂದ ಕುಗ್ಗಿಹೋದೆ.

"ಅಮ್ಮಂಗೆ ಬರ್ದಿದ್ದೂ ಓದಿದ್ರಾ?"

"ಹೂಂ" ಎಂದೆ.