ಟವೆಲ್ಲಿನ ಕೆಳಗಿನ ದರ

ಮಲಕಾರಿ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ, ವ್ಯಾಪಾರಿಯ ಕಡೆ ಕೈ ಚಾಚುವಷ್ಟರಲ್ಲಿ ಲಗಮವ್ವ ನಡುವೆ ಬಂದು ನಿಂತಳು.

"ಇವತ್ತ ಕೈ ನಾ ಹಾಕ್ತೇನಿ," ಅಂದಳು.

ಮೈದುನ ಮಲಕಾರಿ ನಕ್ಕ. ಅವಳು ನಗಲಿಲ್ಲ. ರಾಯಬಾಗದ ಆ ಸಂತೆಯಲ್ಲಿ ಆಡು ಮಾರುವ ಹೆಂಗಸರಿಗೇನೂ ಬರವಿರಲಿಲ್ಲ, ಆದರೆ ಟವೆಲ್ಲಿನ ಕೆಳಗೆ ಕೈ ಹಾಕಿದ ಹೆಂಗಸನ್ನು ಯಾರೂ ಕಂಡಿರಲಿಲ್ಲ. ರೊಕ್ಕ ಫೋನಿನಿಂದ ಫೋನಿಗೆ ಹಾರುವ ಕಾಲ ಬಂದಿದ್ದರೂ ದರ ಮಾತ್ರ ಇನ್ನೂ ಬಟ್ಟೆಯ ಮರೆಯಲ್ಲೇ ಕುದುರುತ್ತಿತ್ತು. ಒಂದು ಬೆರಳು ಹಿಡಿದರೆ ಒಂದು ಸಾವಿರ, ಇಡೀ ಕೈ ಹಿಡಿದರೆ ಐದು, ಬೆರಳನ್ನು ಅರ್ಧಕ್ಕೆ ಮಡಚಿದರೆ ಐದುನೂರು. ಪಕ್ಕದಲ್ಲಿ ನಿಂತವನಿಗೂ ತಿಳಿಯಬಾರದು, ಅದೇ ಅದರ ಮರ್ಯಾದೆ. ಗಂಡಸರು ಮಾಡಿಕೊಂಡ ಈ ಮರ್ಯಾದೆಯಲ್ಲಿ ಆಡು ಸಾಕಿದವಳಿಗೂ ದರ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಲಗಮವ್ವನ ದಂಧೆ ದೊಡ್ಡದೇನಲ್ಲ. ಚಿಂಚಲಿಯ ಮನೆಯ ಹಿಂದೆ ತಗಡಿನ ಒಂದು ಕೊಟ್ಟಿಗೆ. ಸಣ್ಣ ಹೋತದ ಮರಿಗಳನ್ನು ಕೊಂಡು, ಮೇಯಿಸಿ ಬೆಳೆಸಿ, ವರ್ಷದೊಳಗೆ ಮಾರುವುದು. ಗಂಡ ತೀರಿಕೊಂಡ ಮೇಲೆ ನಾಲ್ಕು ವರ್ಷ ಮೇವು ಅವಳದು, ಔಷಧಿ ಅವಳದು, ನಿದ್ದೆಗೆಟ್ಟದ್ದೂ ಅವಳೇ. ಸಂತೆಯಲ್ಲಿ ಕೈ ಮಾತ್ರ ಮೈದುನನದು. ಅವನು ಟವೆಲ್ಲಿನಿಂದ ಕೈ ತೆಗೆದು ಕಿವಿಯಲ್ಲಿ ಹೇಳಿದ್ದೇ ದರ, ಅವಳು ತಲೆ ಅಲ್ಲಾಡಿಸಿದ್ದೇ ವ್ಯಾಪಾರ.

ಹೋದ ವಾರ ಬಸ್ಸಿನಲ್ಲಿ ದಿಗ್ಗೇವಾಡಿಯ ಚನ್ನವ್ವ ಸಿಗದಿದ್ದರೆ ಇನ್ನೂ ಹತ್ತು ವರ್ಷ ಹಾಗೇ ತಲೆ ಅಲ್ಲಾಡಿಸುತ್ತಿದ್ದಳೋ ಏನೋ. ಅದೇ ಸಂತೆ, ಅದೇ ವ್ಯಾಪಾರಿ, ಅಂಥದ್ದೇ ಹೋತ. ಚನ್ನವ್ವನ ಗಂಡ ಸ್ವತಃ ಕೈ ಹಾಕಿ ಹನ್ನೆರಡೂವರೆ ಸಾವಿರಕ್ಕೆ ಮಾರಿದ್ದ. ತನ್ನ ಹೋತಕ್ಕೆ ಲಗಮವ್ವನ ಕಿವಿಗೆ ಬಿದ್ದದ್ದು ಹನ್ನೆರಡು.

ಅನುಮಾನ ಒಮ್ಮೆ ಹೊಕ್ಕಿತೆಂದರೆ ಮುಗಿಯಿತು, ಕೂಳಿನಲ್ಲೂ ಕಲ್ಲು ಹುಡುಕಿಸುತ್ತದೆ. ಮಲಕಾರಿ ಹೊಸ ಚಪ್ಪಲಿ ಮೆಟ್ಟಿದರೆ ಯಾವ ರೊಕ್ಕದ್ದು ಅನ್ನಿಸುತ್ತಿತ್ತು. ಚಹಾ ಚಲೋ ಆಗೇತಿ ಅಂದರೆ ಯಾಕೆ ಅಂದ ಅನ್ನಿಸುತ್ತಿತ್ತು. ಗಂಡನನ್ನು ಮಿರಜಿನ ದವಾಖಾನೆಗೆ ಹೊತ್ತು ಒಯ್ದವನು ಇವನೇ, ಗಾಳಿಗೆ ಹಾರಿದ ತಗಡನ್ನು ಕೂಡಿಸಿಕೊಟ್ಟವನೂ ಇವನೇ. ಅಂಥವನನ್ನು ಹೀಗೆ ನೋಡುತ್ತೇನಲ್ಲ ಎಂದು ಅವಳಿಗೆ ತನ್ನ ಮೇಲೇ ನಾಚಿಕೆ. ಅನುಮಾನ ಸುಳ್ಳಾಗಲೆಂದು ಊರ ದೇವಿ ಮಾಯಕ್ಕನಿಗೆ ಹರಕೆ ಹೊತ್ತಿದ್ದಳು. ಸುಳ್ಳಾದರೆ ಮಂದಿಯ ಮುಂದೆ ಅವನ ಮಾನ ಕಳೆದ ಪಾಪ ಬರುತ್ತದೆ, ಬರಲಿ. ನಿಜವಾದರೆ ಕಷ್ಟಕ್ಕೆ ಕರೆಯಲು ಇದ್ದ ಒಬ್ಬ ಮನುಷ್ಯನೂ ಹೋದಂತೆ.

ವ್ಯಾಪಾರಿ ಲಖನ ಮಿರಜಿನವನು, ಅರ್ಧ ಮರಾಠಿ ಅರ್ಧ ಕನ್ನಡ. ಅವನು ಮಲಕಾರಿಯ ಮುಖ ನೋಡಿದ. ಮಲಕಾರಿ, ಅತ್ತಿಗೆಗೆ ಇವತ್ತು ಹುಚ್ಚು ಹಿಡಿದಿದೆ ಎಂಬಂತೆ ಕೈ ತಿರುವಿದ.

"ಹೆಣಮಕ್ಕಳು ಕೈ ಹಾಕೂದು ಪದ್ಧತಿ ಅಲ್ರಿ ಮಾವಶಿ," ಅಂದ ಲಖನ.

"ಊರ ಆಡಿನ ಹೆರಿಗಿ ಮಾಡಿಸಿದ ಕೈ ಐತಿದು. ನಿನ್ನ ಬೆರಳ ಮುರಿಯೂದಿಲ್ಲ, ಬಾ."

ಸುತ್ತಲಿನವರು ನಕ್ಕರು. ಲಗಮವ್ವ ಮೈದುನನ ಕೈಯಿಂದಲೇ ಟವೆಲ್ ಕಸಿದುಕೊಂಡು ತನ್ನ ಅಂಗೈ ಮುಚ್ಚಿದಳು. ಮಲಕಾರಿ ಹೋತಗಳ ಹಗ್ಗ ಸರಿಪಡಿಸುವ ನೆಪದಲ್ಲಿ ದೂರ ಸರಿದ. ಕಟ್ಟಿದ್ದ ಆರು ಹಗ್ಗವೂ ಸರಿಯಾಗಿಯೇ ಇದ್ದವು.

ಲಖನನ ಕೈ ಅಂಜುತ್ತಲೇ ಒಳಗೆ ಬಂತು. ಇಡೀ ಕೈ ಎರಡು ಸಲ ಹಿಡಿದ: ಹೋತಕ್ಕೆ ಹತ್ತು ಸಾವಿರ. ಅವಳು ಎರಡು ಸಲ ಹಿಡಿದು ಮೇಲೆ ನಾಲ್ಕು ಬೆರಳು ಒತ್ತಿದಳು. ಅವನು ಹನ್ನೊಂದಕ್ಕೆ ಬಂದ, ಅವಳು ಹದಿಮೂರಕ್ಕೆ ಇಳಿದಳು. ಎದುರಿನವನ ಮುಖ ನೋಡಬಾರದೆಂದು ಗಂಡ ಹಿಂದೊಮ್ಮೆ ಹೇಳಿದ್ದ, ಮುಖ ಸುಳ್ಳು ಹೇಳುತ್ತದಂತೆ, ಕೈ ಹೇಳುವುದಿಲ್ಲವಂತೆ. ಅವಳು ನೆಲ ನೋಡುತ್ತಾ ನಿಂತಳು. ಕೊನೆಗೆ ಅವನು ಹತ್ತರ ಮೇಲೆ ಎರಡು ಬೆರಳು ಗಟ್ಟಿಯಾಗಿ ಹಿಡಿದು ಬಿಡದೆ ನಿಂತ. ಹನ್ನೆರಡು. ಹೋದ ಸಲ ಮೈದುನ ಹೇಳಿದ್ದ ದರವೇ. ಅನುಮಾನ ಸುಳ್ಳಾಯಿತೆಂದು ಲಗಮವ್ವ ಮಾಯಕ್ಕನನ್ನು ನೆನೆದಳು.

ಆಗಲೇ ಲಖನನ ಬೆರಳು ತಾನಾಗಿ ಸರಿದು, ಅವಳ ಹೆಬ್ಬೆರಳನ್ನು ಅರ್ಧಕ್ಕೆ ಮಡಚಿತು.

"ಹನ್ನೆರಡೂವರೆ?" ಅಂದಳು ಮೆಲ್ಲಗೆ.

ಲಖನ ಬೆಚ್ಚಿ ಕೈ ಎಳೆದುಕೊಳ್ಳಲು ನೋಡಿದ. "ಅಲ್ರಿ, ಹನ್ನೆರಡ ನಿಮ್ಮದು. ಹೆಬ್ಬೆರಳ ಮಲಕಾರಿ ಅಣ್ಣಾಂದು. ಪ್ರತಿ ಹೋತಕ್ಕ ಅವಗ ಕೊಡೂದಿರತೈತಿ..." ಅಷ್ಟಂದು ಅವನಿಗೆ ತಾನು ಯಾರಿಗೆ ಹೇಳುತ್ತಿದ್ದೇನೆಂದು ಹೊಳೆಯಿತು. "ಕೈ ರೂಢಿರಿ ಮಾವಶಿ. ತಪ್ಪಾತು."

ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಇವಳ ಪೂಜಾರಿ ಇವಳ ಅಂಗಳದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ. ಕೂಗಬೇಕೆನಿಸಿತು, ಅಳಬೇಕೆನಿಸಿತು. ಎರಡನ್ನೂ ನುಂಗಿ ಲಖನನ ಕೈ ಬಿಡದೆ ಹಿಡಿದಳು.

"ಅಣ್ಣಾನ ಕೈ ಇವತ್ತ ಇಲ್ಲಿಲ್ಲ. ಹೆಬ್ಬೆರಳೂ ನಂದ. ಆಗೂದಿಲ್ಲಂದ್ರ ಹೋತ ತಿರುಗಿ ಮನಿಗೆ ಹೊಡಕೊಂಡ ಹೋಗ್ತೇನಿ."

ಲಖನ ಮಲಕಾರಿಯ ಬೆನ್ನು ನೋಡಿದ, ಆರು ಹೋತ ನೋಡಿದ. ಆಮೇಲೆ ಹೆಬ್ಬೆರಳನ್ನು ಇನ್ನೊಮ್ಮೆ ಮಡಚಿ ಕೈ ತೆಗೆದ. ಲಗಮವ್ವನ ಫೋನು ಗುಣುಗಿತು, ರೊಕ್ಕ ಬಂದಿತ್ತು. ಲಖನ ಹೋತಗಳನ್ನು ಬಿಚ್ಚಿಕೊಂಡು ಟೆಂಪೋ ಕಡೆ ನಡೆದ.

ಮಲಕಾರಿ ನಗುತ್ತಾ ಹತ್ತಿರ ಬಂದ. "ಎಷ್ಟಕ್ಕ ಕೊಟ್ಟಿ ವೈನಿ?"

ಅವಳು ಟವೆಲ್ ಇನ್ನೂ ಕೊಟ್ಟಿರಲಿಲ್ಲ. "ಕೈ ತಾ, ಹೇಳ್ತೇನಿ," ಅಂದಳು.

ಅವನು ಚೇಷ್ಟೆಯೆಂದುಕೊಂಡು ಕೈ ಒಳಗೆ ಹಾಕಿದ. ಲಗಮವ್ವ ಇಡೀ ಕೈ ಎರಡು ಸಲ ಹಿಡಿದಳು, ಮೇಲೆ ಎರಡು ಬೆರಳು. ಚಲೋ ದರ ಎಂದು ಅವನು ತಲೆದೂಗಿದ. ಅವಳು ಅವನ ಹೆಬ್ಬೆರಳನ್ನು ಹುಡುಕಿ, ಅರ್ಧಕ್ಕೆ ಮಡಚಿ, ಹಾಗೇ ಹಿಡಿದಳು.

ಅವನ ನಗು ನಿಂತಿತು. ಅವನು ಕೈ ಎಳೆದುಕೊಳ್ಳಲಿಲ್ಲ, ಅವಳು ಬಿಡಲಿಲ್ಲ. ಸುತ್ತ ನಿಂತ ಮಂದಿ ಇನ್ನೊಂದು ವ್ಯಾಪಾರ ನಡೆದಿದೆ ಎಂದುಕೊಂಡು, ಅಲುಗದ ಆ ಟವೆಲ್ ನೋಡುತ್ತಾ ದರ ಊಹಿಸುತ್ತಿದ್ದರು.