ಒಂಬತ್ತನೆಯ ಚೌಕ

ದ್ವೀಪದಲ್ಲಿ ನಮ್ಮ ಕೊನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ನನ್ನನ್ನು ಕಾಡಿದ್ದು ಒಂದೇ ಚಿಂತೆ. ಹಿಂದಿನ ದಿನ ಅಂಥ ಹಸಿ ಸುಳ್ಳು ಬರೆದ ಮೇಲೂ ನನಗೆ ಇಷ್ಟು ಚೆನ್ನಾಗಿ ನಿದ್ದೆ ಬಂದದ್ದು ಹೇಗೆ? ಊಟಕ್ಕೂ ಎರಡು ಸಲ ಬಡಿಸಿಕೊಂಡಿದ್ದೆ. ಸಣ್ಣವಳಿದ್ದಾಗ ಅಮ್ಮನ ಗಾಜಿನ ಹೂಜಿ ಒಡೆದು ಬಾಯಿ ಮುಚ್ಚಿಕೊಂಡಿದ್ದಕ್ಕೆ ನನಗೆ ಮೂರು ದಿನ ಜ್ವರ ಬಂದಿತ್ತು. ಈಗ ಮೈ ಬೆಚ್ಚಗೂ ಆಗಿರಲಿಲ್ಲ. ಡೈರಿ ತೆಗೆದು 'ನಾನು ಕೆಟ್ಟವಳಾಗಿದ್ದೇನೆ' ಎಂದು ಬರೆದೆ. ಬರೆದದ್ದನ್ನು ಓದಿದರೆ ಅದೂ ಹಿತವಾಗಿಯೇ ಇತ್ತು.

ಹನ್ನೊಂದು ದಿನ ನಾನು ಕಪ್ಪೆಚಿಪ್ಪು ಎಣಿಸಿದ್ದೆ. ಪದವಿ ಮುಗಿಸಿ ಮೇಲಿನ ಓದಿಗೆ ಸೇರಿದ ನಮ್ಮನ್ನು ದೊಡ್ಡ ಮೇಡಂ ಇಲ್ಲಿಗೆ ಕರೆತಂದದ್ದು ಇಂಥ ಕೆಲಸಕ್ಕೇ. ದಡದ ಉದ್ದಕ್ಕೂ ಹತ್ತು ಜಾಗ ಆರಿಸಿ, ಕಲ್ಲುಗಳ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದ್ದರು. ನೀರು ಇಳಿದ ಹೊತ್ತಿಗೆ ಹೋಗಿ, ಪೈಪಿನ ಚೌಕಟ್ಟು ಇಟ್ಟು, ಅದರೊಳಗೆ ಜೀವವಿರುವ ಚಿಪ್ಪು ಎಷ್ಟಿವೆ ಎಂದು ಎಣಿಸಬೇಕು. ಒಂದೊಂದು ಕೆಲಸಕ್ಕೆ ಇಬ್ಬಿಬ್ಬರು. ನನ್ನ ಜೊತೆಗೆ ಬಿದ್ದವಳು ಮೈಕು. ಅವಳು ಬಾಯಿ ತೆರೆದರೆ ಮೂರು ಕೋಣೆ ಆಚೆಗೆ ಕೇಳಿಸುತ್ತದೆಂದು ಹಾಸ್ಟೆಲಿನವರು ಇಟ್ಟ ಹೆಸರು ಅದು. ನನಗೆ ಅವಳು ಇಟ್ಟ ಹೆಸರು ಮೌನಗೌರಿ.

ಕೆಲಸ ಹಂಚಿಕೊಂಡದ್ದು ಹೀಗೆ: ನಾನು ಬಗ್ಗಿ ಎಣಿಸುವುದು, ಅವಳು ಮೂರನೆಯ ಕಲ್ಲಿನ ನೆರಳಲ್ಲಿ ಕಾಲು ಇಳಿಬಿಟ್ಟು ಹುರಿದುಂಬಿಸುವುದು. ಮೂರರಿಂದಾಚೆಗೆ ಅವಳು ಒಂದು ದಿನವೂ ಕಾಲಿಡಲಿಲ್ಲ. "ಪಾಚಿ ಜಾರತ್ತೆ ಕಣೇ. ನಾನು ಬಿದ್ರೆ ನಮ್ಮಮ್ಮ ನಿನ್ನ ಸುಮ್ನೆ ಬಿಡಲ್ಲ" ಎನ್ನುತ್ತಿದ್ದಳು. ಜಾರಿ ಬಿದ್ದದ್ದು ನಾನು. ಮಂಡಿ ತರಚಿ, ಉಪ್ಪುನೀರು ತಾಗಿ ಉರಿಯುತ್ತಿದ್ದರೂ ನಾಲ್ಕನೆಯ ಚೌಕದ ಲೆಕ್ಕ ಅರ್ಧಕ್ಕೆ ಬಿಡಲಿಲ್ಲ.

ಹಿಂದಿನ ದಿನ, ಹೊರಡುವ ಮುನ್ನ ಸಭೆಯಲ್ಲಿ ಒಪ್ಪಿಸಬೇಕಿದ್ದ ನಮ್ಮ ವರದಿಯ ಮುಖಪುಟ ಕಣ್ಣಿಗೆ ಬಿತ್ತು. ಹೆಸರು ಅವಳೊಬ್ಬಳದು. ಕೊನೆಯ ಪುಟದಲ್ಲಿ ಕೃತಜ್ಞತೆಗಳು: ಅಡುಗೆ ಅಕ್ಕನಿಗೆ, ದೋಣಿಯವನಿಗೆ, ಚೌಕಟ್ಟು ಹೊತ್ತ ಗೆಳತಿಗೆ.

ಆ ಸಾಲಿನ ಮೇಲೆ ಬೆರಳಿಟ್ಟು ಅವಳ ಮುಖ ನೋಡಿದೆ.

"ಅಯ್ಯೋ, ಅದಾ? ನೀನು ನಾಲ್ಕು ಜನರ ಮುಂದೆ ನಿಂತ್ರೆ ಕೈಕಾಲು ನಡುಗತ್ತೆ. ನಿನ್ನ ಕಷ್ಟ ನೋಡಲಾರದೆ ಮಾಡಿದ್ದು ಕಣೇ. ಈಗ ಆ ಲೆಕ್ಕ ಎಲ್ಲಾ ನೀಟಾಗಿ ಬರೆದುಕೊಡು. ನಿನ್ನ ನೋಟ್‌ಬುಕ್ಕಲ್ಲಿ ಬರೀ ಕಾಗೆಕಾಲು ಗುಬ್ಬಿಕಾಲು."

ತಲೆಯಾಡಿಸಿದೆ. ಹುಟ್ಟಿದಾಗಿನಿಂದ ಯಾರು ಏನು ಕೇಳಿದರೂ ನನ್ನ ಉತ್ತರ ಅದೊಂದೇ.

ಬರೆದುಕೊಟ್ಟೆ. ಒಂಬತ್ತನೆಯ ಚೌಕದ ಮುಂದೆ ಮೂರು ಎಂದಿದ್ದುದನ್ನು ಮುನ್ನೂರ ನಲವತ್ತು ಮಾಡಿದೆ. ಒಂಬತ್ತರಲ್ಲಿ ಇರುವುದು ಬರೀ ಮರಳು. ಅಂಕಿ ಬರೆಯಲೂ ಕಲ್ಲಿಲ್ಲದೆ ಅಲ್ಲೊಂದು ಮರದ ಗೂಟ ನೆಟ್ಟಿದ್ದರು. ಇದ್ದ ಮೂರು ಚಿಪ್ಪೂ ಆ ಗೂಟಕ್ಕೇ ಅಂಟಿದ್ದವು. ಒಂದೇ ಒಂದು ಸಲ ಅಲ್ಲಿಗೆ ಹೋದವರಿಗೂ ಈ ಸಂಖ್ಯೆ ಕೇಳಿದರೆ ನಗು ಬರಬೇಕು. ಹೋಗದವಳಿಗೆ ಮಾತ್ರ ಬರುವುದಿಲ್ಲ. ಜಾಗ ಆರಿಸಿದ್ದು ದೊಡ್ಡ ಮೇಡಂ. ಎಲ್ಲರೆದುರು ಅವರು ಕನ್ನಡಕ ಮೇಲೆತ್ತಿ, "ಮುನ್ನೂರ ನಲವತ್ತಾ? ಯಾವುದಕ್ಕೆ ಅಂಟಿದ್ದವಮ್ಮಾ?" ಎಂದು ಕೇಳಬೇಕು. ಮೈಕಿನ ಬಾಯಿ ತೆರೆದೇ ಇರಬೇಕು, ಸದ್ದು ಹೊರಡಬಾರದು. ಹಲ್ಲುಜ್ಜುವಾಗ, ಬಟ್ಟೆ ಮಡಿಸಿ ಚೀಲಕ್ಕೆ ತುರುಕುವಾಗ, ಇದನ್ನೇ ನೆನೆದು ನೆನೆದು ಚಪ್ಪರಿಸಿದೆ.

ಮಧ್ಯಾಹ್ನದ ದೋಣಿಗೆ ನಾವು ಹೊರಡಬೇಕಿತ್ತು. ತಗಡಿನ ಚಾವಣಿಯ ಸಭಾಂಗಣದ ಬಾಗಿಲಲ್ಲಿ ಚೀಲಗಳು ಗುಡ್ಡೆ ಬಿದ್ದಿದ್ದವು. ಮುಂದಿನ ಸಾಲಿನಲ್ಲಿ ಬಂದರು ಕಚೇರಿಯ ಸಾಹೇಬರು ಕೂತಿದ್ದರು. ದೋಣಿ ನಿಲ್ಲುವ ಹೊಸ ಜೆಟ್ಟಿ ಕಟ್ಟಲು ನಾಲ್ಕನೆಯ ಜಾಗ ಅಥವಾ ಒಂಬತ್ತನೆಯ ಜಾಗ ಎಂದಾಗಿತ್ತು. ಎಲ್ಲಿ ಜೀವ ಕಡಿಮೆಯೋ ಅಲ್ಲಿ ಕಟ್ಟುವುದು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೇಡಂ ಹಿಡಿದೇ ಹಿಡಿಯುತ್ತಾರೆ, ಸುಳ್ಳು ಅಲ್ಲಿಗೇ ಸಾಯುತ್ತದೆ ಎಂದುಕೊಂಡಿದ್ದೆ.

ಇನ್ನೇನು ಶುರುವಾಗಬೇಕು, ಮೇಡಂ ಎದ್ದರು. "ಸಾಮಾನು ಜಾಸ್ತಿ ಆಯ್ತು ಅಂತ ದೋಣಿಯವನು ರಂಪ ಮಾಡ್ತಿದ್ದಾನಂತೆ. ನೀವು ನಡೆಸಿ, ಬಂದೆ" ಎಂದು ಹೊರಟೇಬಿಟ್ಟರು. ನನ್ನ ಸುಳ್ಳನ್ನು ಹಿಡಿಯಬೇಕಾದವರೇ ಹೊರಗೆ ಹೋಗಿದ್ದರು.

ಮೈಕು ಮಾತಾಡಿದಳು. ಸುಳ್ಳೇಕೆ ಹೇಳಲಿ, ಸೊಗಸಾಗಿಯೇ ಮಾತಾಡಿದಳು. ನನ್ನ ಹನ್ನೊಂದು ದಿನಗಳು ಉಪ್ಪು ಖಾರ ಹಚ್ಚಿಕೊಂಡು ಅವಳ ಬಾಯಿಂದ ಹೊರಬಂದವು. "ಮಂಡಿ ತರಚಿಹೋದ್ರೂ ಬಿಡದೆ, ಒಂದೊಂದನ್ನೂ ಮುಟ್ಟಿ ಎಣಿಸಿದೆ ಸಾರ್. ನಾಲ್ಕರಲ್ಲಿ ಇನ್ನೂರ ಹನ್ನೆರಡು. ಒಂಬತ್ತರಲ್ಲಿ ಮುನ್ನೂರ ನಲವತ್ತು!"

ಮಂಡಿಯನ್ನೂ ಬಿಡಲಿಲ್ಲ ಅವಳು! ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಹೇಬರು ಪೆನ್ನು ತೆಗೆದರು. "ಹಾಗಾದ್ರೆ ಮುಗೀತು. ಜೆಟ್ಟಿ ನಾಲ್ಕಕ್ಕೇ ಹಾಕೋಣ."

ಹಿಂದಿನ ಸಾಲಿನಲ್ಲಿ ಟೀ ಹಂಚುತ್ತಿದ್ದ ಅಡುಗೆ ಅಕ್ಕ ನಿಂತುಬಿಟ್ಟಳು. ಪಾಚಿಯ ಮೇಲೆ ಕಾಲೂರುವುದನ್ನು ಮೊದಲ ದಿನ ನನಗೆ ಕಲಿಸಿದವಳು ಅವಳೇ. "ಹೆಜ್ಜೆ ಸಣ್ಣದಿಡು ಮಗಾ, ಅವಸರ ಸಮುದ್ರಕ್ಕೆ ಆಗಲ್ಲ" ಎಂದಿದ್ದಳು. ನಾಲ್ಕನೆಯ ಬಂಡೆಗಳಲ್ಲಿ ಅವಳೂ ಅವಳ ತಾಯಿಯೂ ಮನೆಯ ಸಾರಿಗೆ ಚಿಪ್ಪು ಆರಿಸುತ್ತಿದ್ದರು.

"ಸಾರ್, ಒಂಬತ್ತರಲ್ಲಿ ಬರೀ ಮರಳು" ಎಂದಳು. "ನಾನು ದಿನಾ ಅದನ್ನ ದಾಟ್ಕೊಂಡೇ ಕೆಲಸಕ್ಕೆ ಬರೋದು."

ಮೈಕು ನಕ್ಕಳು. "ಅಕ್ಕಾ, ನೀವು ಟೀ ನೋಡ್ಕೊಳ್ಳಿ, ಆರಿಹೋಗತ್ತೆ. ಎಣಿಸಿದವಳು ನಾನು."

ಸಭೆಯೂ ನಕ್ಕಿತು. ಟ್ರೇಯಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅಕ್ಕ ನನ್ನ ಕಡೆ ನೋಡಿದಳು. ದಿನಾ ಎಣಿಸುತ್ತಿದ್ದವಳು ಯಾರೆಂದು ಅವಳಿಗೆ ಗೊತ್ತಿತ್ತು. ಆದರೂ ನನ್ನ ಹೆಸರು ಎತ್ತಲಿಲ್ಲ.

"ಅಲ್ಲಿಗೆ ಬೇರೆ ಯಾರಾದ್ರೂ ಹೋಗಿದ್ರಾ?" ಸಾಹೇಬರು ಕೇಳಿದರು.

"ಇವಳು ಬರ್ತಿದ್ಲು ಸಾರ್, ಚೌಕಟ್ಟು ಹೊರೋಕೆ. ಬೇಕಾದ್ರೆ ಕೇಳಿ, ಇವಳೇ ನೀಟಾಗಿ ಬರೆದುಕೊಟ್ಟಿದ್ದು. ಅಲ್ವೇನೇ ಮೌನಗೌರಿ?" ಅವಳಿಗೆ ನನ್ನ ತಲೆಯಾಡಿಸುವಿಕೆಯ ಮೇಲೆ ಅಷ್ಟು ನಂಬಿಕೆ.

ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನನ್ನ ಅವಸ್ಥೆ ನೋಡಿ ಸಾಹೇಬರು ದನಿ ಮೆತ್ತಗೆ ಮಾಡಿದರು. "ನಕಲು ಮಾಡೋವಾಗ ಕೈತಪ್ಪಿರಬಹುದು, ಅಲ್ವಾಮ್ಮಾ? ಎಲ್ಲರಿಗೂ ಆಗತ್ತೆ."

ಪುಣ್ಯಾತ್ಮ ದಾರಿ ಮಾಡಿಕೊಟ್ಟಿದ್ದರು. ಒಂದು ಸಲ ತಲೆಯಾಡಿಸಿದರೆ ಸಾಕು, ಲೆಕ್ಕ ಸರಿಹೋಗುತ್ತದೆ, ಅಕ್ಕನ ಬಂಡೆ ಉಳಿಯುತ್ತದೆ, ನಾನು ತೊಳೆದ ಲೋಟದ ಹಾಗೆ ಚೊಕ್ಕ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮೈಕು ಆಗಲೇ 'ಹೋಗಲಿ ಬಿಡು ಪಾಪ' ಎನ್ನುವ ಮುಖ ಮಾಡಿಕೊಂಡು ನನ್ನನ್ನು ಕ್ಷಮಿಸಲು ತಯಾರಾಗಿದ್ದಳು.

ಆ ಮುಖ ನೋಡಿದೆ. ನನಗೆ ಹಾವು ಸಾಯಲೇಬೇಕಿತ್ತು. ಕೋಲು ಮುರಿದರೂ ಸರಿ.

"ಕೈತಪ್ಪಿದ್ದಲ್ಲ ಸಾರ್" ಎಂದೆ. ಹಿಂದಿನ ಸಾಲಿನವರೂ ತಲೆ ಎತ್ತಿದರು. "ಅಲ್ಲಿರೋದು ಮೂರೇ. ಬೇಕಂತಲೇ ಸುಳ್ಳು ಬರೆದೆ. ಇವಳು ಒಂದು ದಿನಾನೂ ಅಲ್ಲಿಗೆ ಬಂದಿಲ್ಲ ಅಂತ ನಿಮಗೆಲ್ಲಾ ಗೊತ್ತಾಗಲಿ ಅಂತ."