ಆಫೀಸ್ ಬಾತ್‌ರೂಮಿನ ಕೀ

ಆಡಳಿತಾಧಿಕಾರಿಗಳು ಅತ್ತಿಗೆಯ ಕೈಗೆ ಕೀ ಕೊಟ್ಟಿದ್ದು ಸೋಮವಾರ ಬೆಳಿಗ್ಗೆ, ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರಿಗೇ.

"ಆರು ತಿಂಗಳಾಯ್ತಲ್ಲಮ್ಮ, ಈ ಸ್ಥಿತೀಲಿ ಮೈದಾನ ದಾಟಿ ಅಷ್ಟು ದೂರ ಯಾಕೆ ಹೋಗ್ತೀರಿ? ನಮ್ಮ ಆಫೀಸಿನ ಬಾತ್‌ರೂಮ್ ಉಪಯೋಗಿಸಿ" ಎಂದು ಹೇಳಿ, ನಗುತ್ತಾ ಹೋದರು.

ಅತ್ತಿಗೆ ಆ ಶಾಲೆಯ ಗಣಿತದ ಟೀಚರು. ನಾನು ಆಯಾ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದವಳನ್ನು, ಅಣ್ಣನನ್ನು ಮದುವೆಯಾಗಿ ಬಂದ ವರ್ಷವೇ ಅತ್ತಿಗೆ ಇಲ್ಲಿ ಕೆಲಸಕ್ಕೆ ಸೇರಿಸಿದ್ದರು. ಕಸ ಗುಡಿಸುವವಳು ಬಂದಳೆಂದು ಯಾರೂ ಮಾತು ನಿಲ್ಲಿಸುವುದಿಲ್ಲ. ನಾನಂತೂ ಬಾಯೇ ಬಿಡುವುದಿಲ್ಲ. ಹಾಗಾಗಿ ಅಲ್ಲಿಯ ಎಲ್ಲ ವಿಷಯವೂ ನನಗೆ ಗೊತ್ತಿತ್ತು.

ಪತ್ರದ ವಿಷಯವೂ. ಟೀಚರುಗಳಿಗೆ ಮೂರು ವರ್ಷದಿಂದ ಸಂಬಳ ಏರಿರಲಿಲ್ಲ. ಅದೇ ಮೂರು ವರ್ಷದಲ್ಲಿ ಆಫೀಸಿಗೆ ಎ.ಸಿ. ಬಂತು, ಆಡಳಿತಾಧಿಕಾರಿಗಳಿಗೆ ಕಾರು ಬಂತು, ಕಾರಿಗೆ ಡ್ರೈವರ್ ಬಂದ, ಕೈಕೆಳಗೆ ಇಬ್ಬರು ಸಹಾಯಕರು ಬಂದರು. ಇವರೆಲ್ಲರ ಸಂಬಳ ಎಷ್ಟೆಂದು ಒಬ್ಬರಿಗೂ ತಿಳಿಯದು. ಅದನ್ನು ಎಲ್ಲರಿಗೂ ತಿಳಿಸಿ, ನಮ್ಮ ಸಂಬಳ ಏರಿಸಿ ಎಂದು ಹದಿನಾಲ್ಕು ಜನ ಸಹಿ ಹಾಕಿದ್ದರು. ಶುಕ್ರವಾರ ಆಡಳಿತ ಮಂಡಳಿಯ ಸಭೆಯಲ್ಲಿ ಅತ್ತಿಗೆಯೇ ಅದನ್ನು ಕೊಟ್ಟು ಮಾತಾಡಬೇಕು. ಅಲ್ಲಿಯವರೆಗೆ ಹೊರಗೆ ಉಸಿರು ಬಿಡಬಾರದು.

"ಸೆಂಟು ಬಾಟ್ಲಿಗೆ ಇದ್ದಕ್ಕಿದ್ದ ಹಾಗೆ ಕರುಳು ಚುರ್ ಅಂತಲ್ಲ, ಯಾಕಿರಬಹುದು?" ಎಂದರು ಡ್ರಾಯಿಂಗ್ ಮಾಸ್ತರು. ಆಡಳಿತಾಧಿಕಾರಿಗಳು ಹೋಗಿ ಅರ್ಧ ಗಂಟೆಯಾದರೂ ಅವರ ವಾಸನೆ ಹೋಗುತ್ತಿರಲಿಲ್ಲ, ಅದಕ್ಕೇ ಆ ಹೆಸರು.

"ಬಸುರಿ ಅಂತ ಕನಿಕರ ಸಾರ್" ಎಂದರು ಅತ್ತಿಗೆ.

"ಹಾಗಾದ್ರೆ ನಾನೂ ಬಸುರಿ ಆಗ್ತೀನಿ. ನನ್ನ ಸ್ಕೂಟರಿಗೂ ಅವರ ಶೆಡ್ಡಲ್ಲಿ ಒಂಚೂರು ನೆರಳು ಸಿಗ್ಲಿ."

ಎಲ್ಲರೂ ನಕ್ಕರು. ವಿಜ್ಞಾನದ ಮೇಡಂ ಮಾತ್ರ ಕೀಯನ್ನೇ ನೋಡುತ್ತಿದ್ದರು.

ಅತ್ತಿಗೆಗೂ ಮುಜುಗರವಾಗಿರಬೇಕು. "ನನಗೊಬ್ಬಳಿಗೇ ಯಾಕೆ ಈ ಭಾಗ್ಯ, ಬನ್ನಿ ಮೇಡಂ" ಎಂದು ಉಳಿದ ಹೆಂಗಸರನ್ನೂ ಕರೆದುಕೊಂಡು ಹೋಗತೊಡಗಿದರು. ಅಲ್ಲಿ ಬಿಳಿ ಟೈಲ್ಸು, ಬಿಸಿನೀರು, ಆಳೆತ್ತರದ ಕನ್ನಡಿ. ಬೆಲ್ಲು, ಮಕ್ಕಳು, ಹೆಡ್‌ಮಾಸ್ಟರು ಯಾರ ಕಾಟವೂ ಇಲ್ಲ. ನಾಲ್ಕು ನಿಮಿಷ ಮನಸ್ಸು ಬಿಚ್ಚಿ ಮಾತಾಡಲು ಅವರಿಗೆ ಇಡೀ ಶಾಲೆಯಲ್ಲಿ ಸಿಕ್ಕಿದ ಜಾಗ ಅದೊಂದೇ.

ಅದನ್ನು ದಿನಾ ತೊಳೆಯುವವಳು ನಾನು. ಅದಕ್ಕೆ ಎರಡು ಬಾಗಿಲಿರುವುದು ನನಗೆ ಗೊತ್ತಿತ್ತು. ಒಂದು ಕಾರಿಡಾರಿಗೆ, ಇನ್ನೊಂದು ಆಡಳಿತಾಧಿಕಾರಿಗಳ ರೂಮಿಗೆ. ಒಳಗಿನಿಂದ ನೋಡಿದರೆ ಎರಡನೆಯದು ಗೋಡೆ ಬೀರುವಿನ ಹಾಗೆ ಕಾಣುತ್ತದೆ. ಚಿಲಕ ಅವರ ಕಡೆಗಿದೆ, ಅದರ ಮೇಲೆ ಪರದೆ.

ಬುಧವಾರ ಆಡಳಿತಾಧಿಕಾರಿಗಳು ಮೂವರು ಟೀಚರುಗಳನ್ನು ಒಬ್ಬೊಬ್ಬರಾಗಿ ಒಳಗೆ ಕರೆಸಿದರು. ವಿಜ್ಞಾನದ ಮೇಡಂ ಹೊರಗೆ ಬಂದಾಗ ಮುಖ ಬಿಳುಚಿತ್ತು.

"ನನ್ನ ಡ್ರೈವರ್ ಸಂಬಳದ ಚಿಂತೆ ನಿಮಗ್ಯಾಕೆ ಮೇಡಂ ಅಂದ್ರು. ನಾವು ಬರೆದಿದ್ದು ಅವರ ಬಾಯಿಗೆ ಹೇಗೆ ಬಂತು?" ಎಂದು ಅತ್ತಿಗೆಯ ಕಡೆ ತಿರುಗಿದರು. "ಕೀ ಕೊಟ್ಟೋರಿಗೆ ನೀವೇನು ಕೊಟ್ರಿ?"

"ಏನ್ರೀ ಹೀಗಂತೀರಾ? ನೀವೂ ನನ್ನ ಜೊತೆ ಬಂದಿಲ್ವಾ?"

"ಬಂದಿದ್ದೀನಿ. ದಿನಕ್ಕೆ ಒಂದು ಸಲ. ನೀವು ಆರು ಸಲ."

ಸಂಜೆಯೊಳಗೆ ಐದು ಜನ ಪತ್ರದಲ್ಲಿದ್ದ ತಮ್ಮ ಸಹಿಯನ್ನು ಅಳಿಸಿ ಹಾಕಿದರು.

ಆರು ಸಲ ಎನ್ನುವುದು ಸುಳ್ಳಲ್ಲ, ನಾನೂ ಎಣಿಸಿದ್ದೆ. ಎರಡು ಸಲ ಅತ್ತಿಗೆ ಒಳಗೆ ಕಾಲು ಗಂಟೆ ಇದ್ದರು. ಕಾಲು ಗಂಟೆ ಅಲ್ಲೇನು ಕೆಲಸ? ಎರಡನೇ ಬಾಗಿಲು ದಾಟಿದರೆ ಯಾರಿಗೆ ಗೊತ್ತಾಗುತ್ತದೆ? ಹೆರಿಗೆ ರಜೆಗೆ ಸಂಬಳ ಕೊಡುತ್ತಾರೋ ಇಲ್ಲವೋ ಎಂದು ಅಣ್ಣನ ಹತ್ತಿರ ಅವರು ಪೇಚಾಡಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ.

ಆ ಸಂಜೆ ಮನೆಯಲ್ಲಿ ಅಣ್ಣನೂ ಕೇಳಿದ. "ನೀನೇನೂ ಬಾಯಿ ಬಿಟ್ಟಿಲ್ಲ ತಾನೇ?"

"ನೀವೂ ಹೀಗೆ ಕೇಳ್ತೀರಾ?" ಎಂದು ಅತ್ತಿಗೆ ತಟ್ಟೆ ಸರಿಸಿ ಎದ್ದರು. ಬಟ್ಟೆ ಮಡಚುತ್ತಿದ್ದ ನಾನು ತಲೆ ಎತ್ತಲಿಲ್ಲ.

ಗುರುವಾರ ಮಧ್ಯಾಹ್ನ ಆಡಳಿತಾಧಿಕಾರಿಗಳು ಮರುದಿನದ ಸಭೆಗೆ ಮಂಡಳಿಯ ಅಧ್ಯಕ್ಷರನ್ನು ಕರೆತರಲು ಕಾರಿನಲ್ಲಿ ಹೋದ ಮೇಲೆ ಅವರ ರೂಮು ಒರೆಸಲು ಹೋದೆ. ಗಾಲಿ ಕುರ್ಚಿ ಮೇಜಿನ ಹಿಂದೆ ಇರಲಿಲ್ಲ, ಪರದೆಗೆ ಅಂಟಿಕೊಂಡು ನಿಂತಿತ್ತು. ಕಾರ್ಪೆಟ್ಟಿನ ಮೇಲೆ ಮೇಜಿನಿಂದ ಪರದೆಯವರೆಗೆ ಗಾಲಿಯ ಗುರುತು, ಒಂದರ ಮೇಲೊಂದು, ದಾರಿ ಸವೆದ ಹಾಗೆ. ಕುರ್ಚಿಯ ಕಾಲ ಬಳಿ ಕುಡಿದಿಟ್ಟ ಟೀ ಕಪ್ಪು.

ಪರದೆಯ ಆಚೆಯಿಂದ ಅತ್ತಿಗೆಯ ದನಿ ಬಂತು. ಅಣ್ಣನಿಗೆ ಫೋನು ಮಾಡಿದ್ದರು. ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟ.

"ಬೆಳಗಿಂದ ಒಬ್ರೂ ನನ್ನ ಜೊತೆ ಮಾತಾಡಿಲ್ಲ. ಮಾಡದ ತಪ್ಪಿಗೆ ಎಷ್ಟು ದಿನ ಅಂತ ತಲೆ ತಗ್ಗಿಸ್ಲಿ? ರಾಜೀನಾಮೆ ಕೊಟ್ಟುಬಿಡ್ತೀನಿ ಕಣ್ರೀ."

ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು ಸ್ಟಾಫ್ ರೂಮಿಗೆ ಓಡಿದೆ.

"ಆ ಬಾತ್‌ರೂಮಿಗೆ ಎರಡು ಬಾಗಿಲಿದೆ. ಒಳಗೆ ಆಡಿದ್ದೆಲ್ಲ ಸಾಹೇಬ್ರ ಕುರ್ಚಿಗೆ ಕೇಳಿಸುತ್ತೆ."

"ನಿಮ್ಮತ್ತಿಗೆ ಹೇಳಿ ಕಳಿಸಿದ್ರಾ?" ಎಂದರು ವಿಜ್ಞಾನದ ಮೇಡಂ.

"ನೀವೇ ಬಂದು ಕೇಳಿ."

ಅವರೂ ಡ್ರಾಯಿಂಗ್ ಮಾಸ್ತರೂ ಬಂದರು. ಇಬ್ಬರನ್ನೂ ಪರದೆಯ ಬಳಿ ನಿಲ್ಲಿಸಿ, ನಾನು ಕಾರಿಡಾರಿನ ಕಡೆಯಿಂದ ಹೋಗಿ ಬಾತ್‌ರೂಮಿನ ಬಾಗಿಲು ತಟ್ಟಿದೆ. ಅತ್ತಿಗೆ ತೆರೆದರು. ಕಣ್ಣು ಕೆಂಪಾಗಿತ್ತು.

"ಅತ್ತಿಗೆ, ಅದು ಬೀರು ಅಲ್ಲ, ಬಾಗಿಲು. ಆ ಕಡೆ ಸಾಹೇಬ್ರ ರೂಮು."

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. "ನಿಂಗೆ ಯಾವಾಗಿಂದ ಗೊತ್ತು?"

"ಮೊದಲಿಂದ."

"ಮತ್ಯಾಕೆ ಹೇಳ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ನೀವೇ ಆ ಬಾಗಿಲಿಂದ ಹೋಗಿ ಹೇಳ್ತಿದ್ದೀರೇನೋ ಅಂದ್ಕೊಂಡಿದ್ದೆ."

ಗೋಡೆಯ ಆಚೆಯಿಂದ ವಿಜ್ಞಾನದ ಮೇಡಂ ಮೆಲ್ಲಗೆ ಹೇಳಿದ್ದು ನಮ್ಮಿಬ್ಬರಿಗೂ ಚೆನ್ನಾಗಿ ಕೇಳಿಸಿತು. "ಅಯ್ಯೋ, ಪೆಟ್ರೋಲು, ಡ್ರೈವರು ಅಂತ ಬಾತ್‌ರೂಮಲ್ಲಿ ಬಾಯಿ ಬಡ್ಕೊಂಡಿದ್ದು ನಾನೇ ಅಲ್ವಾ ಮಾಸ್ತರೇ..."

ಅತ್ತಿಗೆ ಕೀಯನ್ನು ಆಫೀಸಿನ ಮೇಜಿನ ಮೇಲೆ ಇಟ್ಟು ಬಂದರು. ಪತ್ರವನ್ನು ಹೊಸದಾಗಿ ಬರೆದು ಹದಿಮೂರು ಜನ ಸಹಿ ಹಾಕಿದರು. ಹದಿನಾಲ್ಕನೆಯವರು, "ಅತ್ತಿಗೆ ನಾದಿನಿ ಸೇರಿ ಆಡಿದ ನಾಟಕ ಇದು" ಎಂದರಂತೆ.

ಸಂಜೆ ಬಸ್ಸಿನಲ್ಲಿ ಅತ್ತಿಗೆ ಪಕ್ಕದ ಸೀಟಿನಲ್ಲಿ ಬ್ಯಾಗು ಇಟ್ಟುಕೊಂಡು ಕೂತಿದ್ದರು. ನಾನು ಕಂಬ ಹಿಡಿದು ನಿಂತೆ. ಎರಡು ಸ್ಟಾಪು ಕಳೆದ ಮೇಲೆ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡರು. ಕೂತೆ.

"ನಾಳೆ ಪತ್ರ ನಾನು ಓದ್ತೀನಿ. ಬಾಗಿಲಿನ ವಿಷ್ಯ ಮಂಡಳಿಯವರ ಮುಂದೆ ನೀನೇ ಹೇಳ್ಬೇಕು" ಎಂದರು, ಕಿಟಕಿಯ ಕಡೆ ನೋಡುತ್ತಾ.

"ನನ್ನ ಕೆಲಸ ಹೋಗುತ್ತೆ ಅತ್ತಿಗೆ."

"ನಂದೂ ಹೋಗ್ಬಹುದು" ಎಂದರು. "ಹೇಳ್ತೀಯೋ ಇಲ್ವೋ?"

"ಹೇಳ್ತೀನಿ" ಎಂದೆ. ಅವರು ತಿರುಗಿ, ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.